ಊರಿಗೆ ಹೋದಾಗ ತೋರಿಸುವಾ

ಕಡ್ಡಾಯ ಆರೋಗ್ಯ ವಿಮೆಯ ವಿರುದ್ಧ ನನ್ನ ಜೀವಮಾನದ ಅತ್ಯುತ್ತಮ ಭಾಷಣವನ್ನು ನಾನು ಅರ್ಧ ಕುಂಡೆಯ ಮೇಲೆ ಕುಳಿತು ಮಾಡಿದೆ. ಹೀಗೆ ಬರೆಯಲು ನಾಚಿಕೆಯಾಗುತ್ತದೆ. ಆದರೆ ಇದೇ ನಾಚಿಕೆ ನನ್ನನ್ನು ಹೆಚ್ಚುಕಡಿಮೆ ಗೋರಿಯವರೆಗೆ ಕರೆದುಕೊಂಡು ಹೋಗಿದ್ದರಿಂದ ಇನ್ನು ಮುಂದೆ ಅದಕ್ಕೆ ಮರ್ಯಾದೆ ಕೊಡುವುದಿಲ್ಲ ಎಂದು ತೀರ್ಮಾನಿಸಿದ್ದೇನೆ.

ಕುವೈತಿನ ಫರ್ವಾನಿಯಾದಲ್ಲಿ ಬಸ್ ನಿಲ್ದಾಣದ ಹಿಂದೆ ಒಂದು ಚಾದಂಗಡಿ ಇದೆ. ಶುಕ್ರವಾರ ಜುಮಾ ನಮಾಝ್ ಮುಗಿದ ಮೇಲೆ ನಾವು ದಕ್ಷಿಣ ಕನ್ನಡದ ಏಳೆಂಟು ಮಂದಿ ಅಲ್ಲಿ ಸೇರುತ್ತೇವೆ. ಹೆಚ್ಚಿನವರು ನನ್ನಂತೆ ಬ್ಯಾರಿಗಳು. ಒಬ್ಬರು ಮಾತ್ರ ಸುರತ್ಕಲ್ಲಿನ ಸದಾನಂದ ಶೆಟ್ರು, ಇಲ್ಲಿನ ಒಂದು ಎಂಜಿನಿಯರಿಂಗ್ ಕಚೇರಿಯಲ್ಲಿ ನಕ್ಷೆ ಬರೆಯುವವರು. ನನಗಿಂತ ಎಂಟು ವರ್ಷ ದೊಡ್ಡವರು. ರಜೆಯ ದಿನವೂ ಇಸ್ತ್ರಿ ಹಾಕಿದ ಅಂಗಿ, ಮುಖ ನೋಡಿಕೊಳ್ಳುವಷ್ಟು ಪಾಲಿಶ್ ಮಾಡಿದ ಶೂ. ನಾನು ಶುವೈಖ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಗಾಡಿಗಳ ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವನು. ಹೆಸರು ರಫೀಕ್. ಯಾವ ವಿಷಯವಿದ್ದರೂ ಶೆಟ್ರು ಒಂದು ಕಡೆ, ನಾನು ಇನ್ನೊಂದು ಕಡೆ. ಉಳಿದವರು ಚಾ ಕುಡಿಯುತ್ತ ನಮ್ಮನ್ನು ನೋಡಿ ಖುಷಿಪಡುತ್ತಾರೆ.

ಆ ಶುಕ್ರವಾರದ ವಿಷಯ ವಿಮೆ. ಇಲ್ಲಿ ನಮ್ಮಂಥ ಹೊರಗಿನವರು ಇಕಾಮಾ, ಅಂದರೆ ವಾಸದ ಪರವಾನಗಿ, ನವೀಕರಿಸಬೇಕಾದರೆ ಮೊದಲು ಆರೋಗ್ಯ ವಿಮೆ ಕಟ್ಟಬೇಕು. ಕಟ್ಟದಿದ್ದರೆ ಇಕಾಮಾ ಇಲ್ಲ, ಇಕಾಮಾ ಇಲ್ಲದವನಿಗೆ ಈ ಊರಿನಲ್ಲಿ ಜಾಗವಿಲ್ಲ. ಅದರ ಶುಲ್ಕ ಏರುತ್ತದಂತೆ ಎಂಬ ಸುದ್ದಿ ಆ ವಾರ ಎಲ್ಲರ ವಾಟ್ಸಾಪಿನಲ್ಲೂ ಓಡಾಡುತ್ತಿತ್ತು. ನನ್ನ ಮೈ ಮೊದಲೇ ಉರಿಯುತ್ತಿತ್ತು, ಮೇಲೂ ಕೆಳಗೂ.

"ನಂಗೆ ಬೇಕಾ ಬೇಡ್ವಾ ಅಂತ ಯಾರಾದ್ರೂ ಕೇಳಿದ್ರಾ?" ಎಂದು ಶುರು ಮಾಡಿದೆ. "ಹತ್ತೊಂಬತ್ತು ವರ್ಷ ಆಯ್ತು ಇಲ್ಲಿಗೆ ಬಂದು. ಇಲ್ಲಿನ ಆಸ್ಪತ್ರೆಯ ಮೆಟ್ಲು ಹತ್ತಿದವನಲ್ಲ. ನನ್ನ ಡಾಕ್ಟ್ರು ಮಂಗಳೂರಲ್ಲಿ, ನನ್ನ ಮದ್ದು ಮಂಗಳೂರಿಂದ ಬರ್ತದೆ. ಬೇಡದ ಸಾಮಾನನ್ನು ಕುತ್ತಿಗೆ ಹಿಡಿದು ಮಾರುವುದಕ್ಕೆ ವಿಮೆ ಅಂತ ಹೇಳ್ತಾರಾ?"

"ಕಾರಲ್ಲಿ ಸೀಟ್ ಬೆಲ್ಟ್ ಹಾಕ್ತಿ ಅಲ್ವಾ?" ಎಂದರು ಶೆಟ್ರು. "ದಿನಾ ಆಕ್ಸಿಡೆಂಟ್ ಆಗ್ತದಾ ನಿಂಗೆ? ಇವತ್ತು ನೀನು ಕಟ್ಟಿದ್ದರಲ್ಲಿ ಬೇರೆ ಯಾರಿಗೋ ಆಪರೇಷನ್ ಆಗ್ತದೆ ಮಾರಾಯ. ನಾಳೆ ಅವರು ಕಟ್ಟಿದ್ದರಲ್ಲಿ ನಿಂಗೆ."

"ನನ್ನ ಆಪರೇಷನ್ ಊರಲ್ಲೇ ಆಗ್ತದೆ ಶೆಟ್ರೇ. ನೀವು ಟೆನ್ಷನ್ ಮಾಡ್ಬೇಡಿ."

ಎಲ್ಲರೂ ಗೊಳ್ಳೆಂದು ನಕ್ಕರು. ಅಂಗಡಿಯವನು ನನಗೆ ಎರಡನೇ ಚಾ ಪುಕ್ಕಟೆ ಕೊಟ್ಟ. ನಾನು ಬೆಂಚಿನ ಮೇಲೆ ಎಡದಿಂದ ಬಲಕ್ಕೆ ಭಾರ ಬದಲಿಸಿದೆ. ಅದನ್ನು ಯಾರೂ ಗಮನಿಸಲಿಲ್ಲ ಎಂದುಕೊಂಡಿದ್ದೆ.

ಈಗ ನಮ್ಮ ಮನೆಯ ಫ್ರಿಜ್ಜಿನ ವಿಷಯ ಹೇಳಬೇಕು. ಗಲ್ಫಿನಲ್ಲಿರುವ ನಮ್ಮವರ ಹೆಚ್ಚಿನ ಮನೆಗಳಲ್ಲಿ ಫ್ರಿಜ್ಜಿನ ಬಾಗಿಲಲ್ಲೋ ಡೈರಿಯ ಕೊನೆಯ ಪುಟದಲ್ಲೋ ಒಂದು ಪಟ್ಟಿ ಇರುತ್ತದೆ. ರಜೆಗೆ ಊರಿಗೆ ಹೋದಾಗ ಮಾಡಬೇಕಾದ ಕೆಲಸಗಳು. ಅದರಲ್ಲಿ ಆಧಾರ್ ತಿದ್ದುಪಡಿ, ಚಿನ್ನದ ಸರದ ಕೊಂಡಿ, ಚಿಕ್ಕಮ್ಮನ ಮನೆಗೆ ಹೋಗಿ ಬರುವುದು, ಇವುಗಳ ಜೊತೆಗೆ ನಮ್ಮ ದೇಹಗಳೂ ಇರುತ್ತವೆ. ಹಲ್ಲು ನೋವು ಜನವರಿಯಲ್ಲಿ ಬಂದರೂ ನಾವು ಅದಕ್ಕೆ ಜುಲೈಯವರೆಗೆ ಕಾಯಲು ಹೇಳುತ್ತೇವೆ. ಊರಿನ ಡಾಕ್ಟರಿಗೆ ನಮ್ಮ ಭಾಷೆ ಬರುತ್ತದೆ, ಅಪ್ಪನ ಕಾಲದಿಂದ ಗುರುತು, ಎಲ್ಲ ಒಂದೇ ಸಲ ತೋರಿಸಿ ಬರಬಹುದು. ಹೀಗೆ ನಮ್ಮ ಕಾಯಿಲೆಗಳೆಲ್ಲ ವಿಮಾನದ ಟಿಕೆಟ್ಟಿಗಾಗಿ ಕಾಯುತ್ತಿರುತ್ತವೆ.

ನಮ್ಮ ಪಟ್ಟಿಯನ್ನು ಬರೆಯುವವಳು ನನ್ನ ಹೆಂಡತಿ ಸಫಿಯಾ. ಆ ವರ್ಷದ ಪಟ್ಟಿಯಲ್ಲಿ ಮಗಳು ನಿಹಾಳ ಹಲ್ಲಿನ ಕ್ಲಿಪ್ಪು, ಸಫಿಯಾಳ ಮಂಡಿ, ನನ್ನ ಕನ್ನಡಕದ ನಂಬರು ಇದ್ದವು. ಅವುಗಳ ಕೆಳಗೆ 'ಇವರದ್ದು, ಅದು' ಎಂದಿತ್ತು.

ಅದು ಎಂದರೆ ರಕ್ತ. ಬೆಳಿಗ್ಗೆ ಕಕ್ಕಸಿಗೆ ಹೋದಾಗ ಮೊದಲು ಒಂದೆರಡು ಹನಿ, ಆಮೇಲೆ ಹೆಚ್ಚು. ಸಫಿಯಾಳಿಗೆ ಆ ಪದವನ್ನು ಹಾಳೆಯ ಮೇಲೆ ಬರೆಯಲು ಮುಜುಗರ, ಮನೆಗೆ ಬಂದವರೆಲ್ಲ ಓದುತ್ತಾರಲ್ಲ. ನನಗೆ ಅದನ್ನು ಬಾಯಲ್ಲಿ ಹೇಳಲೂ ಮುಜುಗರ. ಮೂಲವ್ಯಾಧಿ ಎಂದು ನಾನೇ ತೀರ್ಮಾನಿಸಿದೆ. ದಿನವಿಡೀ ಕೌಂಟರಿನಲ್ಲಿ ನಿಲ್ಲುವವನಿಗೆ, ಖಾರ ತಿನ್ನುವವನಿಗೆ ಇನ್ನೇನು ಬರುತ್ತದೆ? ಊರಿಗೆ ಹೋಗಿಬಂದವರು ಒಬ್ಬರು ಚೂರ್ಣ ತಂದುಕೊಟ್ಟರು, ಇನ್ನೊಬ್ಬರು ಮಾತ್ರೆ. ಆ ವರ್ಷ ನಿಹಾಳ ಪರೀಕ್ಷೆಯಿದ್ದದ್ದರಿಂದ ರಜೆಗೆ ಹೋಗಲಿಲ್ಲ. ಸಫಿಯಾ ಹೊಸ ಹಾಳೆ ಅಂಟಿಸಿದಳು. ಮಗಳ ಹಲ್ಲು, ತನ್ನ ಮಂಡಿ, ನನ್ನ ಕನ್ನಡಕ ಎಲ್ಲವನ್ನೂ ನಕಲು ಮಾಡಿ, ಕೊನೆಗೆ ಮತ್ತೆ 'ಇವರದ್ದು, ಅದು' ಎಂದು ಬರೆದಳು. ಹದಿನಾಲ್ಕು ತಿಂಗಳು ನಾನು ಆ ಫ್ರಿಜ್ಜಿನಿಂದ ತಣ್ಣೀರು ತೆಗೆದು ಕುಡಿದೆ.

ಭಾಷಣದ ನಂತರದ ವಾರ ಅಂಗಡಿಯಲ್ಲಿ ಏಣಿ ಹತ್ತಿ ಮೇಲಿನ ರ‍್ಯಾಕಿನಿಂದ ಒಂದು ಫಿಲ್ಟರ್ ತೆಗೆಯುವಾಗ ಉಸಿರು ಸಿಕ್ಕಿಹಾಕಿಕೊಂಡಿತು. ಇಳಿದು ಟೈರುಗಳ ಮೇಲೆ ಕುಳಿತೆ. ಗಿರಾಕಿಯೊಬ್ಬ, ಈಜಿಪ್ತಿನ ಮೆಕ್ಯಾನಿಕ್, ನನ್ನ ಕಣ್ಣಿನ ಕೆಳಗಿನ ರೆಪ್ಪೆಯನ್ನು ಕೇಳದೆಯೇ ಎಳೆದು ನೋಡಿ, "ರಕ್ತ ಎಲ್ಲಿ ಹೋಯಿತು ಯಾ ರಫೀಕ್?" ಎಂದ. ಎಲ್ಲಿ ಹೋಗುತ್ತಿದೆಯೆಂದು ನನಗೆ ಗೊತ್ತಿತ್ತು. ಅವನಿಗೆ ಬಿಲ್ಲು ಬರೆದುಕೊಟ್ಟೆ.

ಮನೆಯಲ್ಲಿ ಸಫಿಯಾ ನನ್ನೊಡನೆ ಜಗಳವಾಡಿ ಸೋತಿದ್ದಳು. ಅಂದು ಬೇರೆ ದಾರಿ ಹಿಡಿದಳು. ಮನೆಯೊಳಗೆ ನಾವಾಡುವುದು ಬ್ಯಾರಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಇಲ್ಲಿನ ಕ್ಲಿನಿಕ್ಕಲ್ಲಿ ಏನೂ ಸಿಗುವುದಿಲ್ಲ ಅಂತ ಹೇಳ್ತೀರಲ್ಲ, ನೀವು ಒಮ್ಮೆಯಾದರೂ ಹೋಗಿ ನೋಡಿದ್ದೀರಾ?"

"ನೋಡ್ಲಿಕ್ಕೆ ಎಂತ ಉಂಟು? ಅರ್ಧ ದಿನ ಕೂರಿಸಿ ಎರಡು ಪನಡಾಲ್ ಮಾತ್ರೆ ಕೊಟ್ಟು ಕಳಿಸ್ತಾರೆ."

"ಹಾಗಾದರೆ ಹೋಗಿ ಕೂತು, ಆ ಎರಡು ಪನಡಾಲ್ ತೆಗೆದುಕೊಂಡು ಬನ್ನಿ. ಶುಕ್ರವಾರ ಶೆಟ್ರ ಮುಂದೆ ಇಡ್ಲಿಕ್ಕಾದರೂ ಆಗ್ತದೆ. ಸುಮ್ಮನೆ ಬಾಯಲ್ಲಿ ಹೇಳಿದರೆ ಯಾರು ನಂಬ್ತಾರೆ?"

ಇಪ್ಪತ್ತು ವರ್ಷ ಸಂಸಾರ ಮಾಡಿದವಳಿಗೆ ನನ್ನ ಜುಟ್ಟು ಎಲ್ಲಿದೆಯೆಂದು ಗೊತ್ತಿತ್ತು. ನಾನು ಆ ಮಾತಿಗೆ ನಿಜಕ್ಕೂ ಉಬ್ಬಿಹೋದೆ. ಅಂಗಡಿಯಿಂದ ಒಂದು ಚಿಕ್ಕ ನೋಟ್‌ಬುಕ್ ತಂದೆ. ಪ್ರತಿಯೊಂದು ಕಿಟಕಿಯ ಮುಂದೆ ಎಷ್ಟು ಹೊತ್ತು ನಿಲ್ಲಿಸಿದರು, ಯಾರು ಗದರಿದರು, ಎಲ್ಲವನ್ನೂ ಗಂಟೆ ನಿಮಿಷ ಸಮೇತ ಬರೆದಿಟ್ಟು ಶೆಟ್ರ ಬಾಯಿ ಮುಚ್ಚಿಸಬೇಕು ಎಂಬುದು ನನ್ನ ಯೋಜನೆ. ಖಂಡಿತವಾಗಿ ಹೇಳುತ್ತೇನೆ, ನಾನು ಆಸ್ಪತ್ರೆಗೆ ಕಾಯಿಲೆ ತೋರಿಸಲು ಹೋದವನಲ್ಲ.

ಆ ನೋಟ್‌ಬುಕ್ಕಿನ ಮೊದಲ ಪುಟ ಈಗಲೂ ಇದೆ. '೭:೧೦ ಟೋಕನ್. ೭:೩೫ ಕಿಟಕಿಯವನು ಫೋನಿನಲ್ಲಿ. ೭:೫೦ ಕೂರಲು ಕುರ್ಚಿ ಇಲ್ಲ.' ಕುರ್ಚಿಗಳಿದ್ದವು, ನನಗೆ ಕೂರಲಾಗುತ್ತಿರಲಿಲ್ಲ ಅಷ್ಟೆ. '೮:೨೦' ಎಂದು ಬರೆದು ಅದರ ಮುಂದೆ ಎರಡು ಸಲ ಗೆರೆ ಎಳೆದಿದ್ದೇನೆ. ನನ್ನ ಮುಂದಿದ್ದ ಒಬ್ಬ ಕಟ್ಟಡ ಕೆಲಸಗಾರನ ಸಿವಿಲ್ ಐಡಿಯನ್ನು ಕಿಟಕಿಯವನು ಯಂತ್ರದಲ್ಲಿ ನೋಡಿ ವಾಪಸ್ ಕೊಟ್ಟ ಹೊತ್ತು ಅದು. "ಇಕಾಮಾ ಖಲಾಸ್," ಎಂದ. ಅವನ ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ಇಕಾಮಾ ನವೀಕರಿಸಿರಲಿಲ್ಲ, ಹಾಗಾಗಿ ವಿಮೆಯೂ ಇಲ್ಲ. ಆ ಮನುಷ್ಯ ತುಂಬಾ ಹೊತ್ತು ಕೆಮ್ಮಿದ, ಕಾರ್ಡನ್ನು ಅಂಗಿಯಿಂದ ಒರೆಸಿದ, ಧೂಳು ಕೂತು ಹಾಗಾಗಿದೆಯೇನೋ ಎನ್ನುವಂತೆ ಇನ್ನೊಮ್ಮೆ ಕೊಟ್ಟ. ನನಗೆ ಆಗ ಆದದ್ದು ಸಂತೋಷ. ಶೆಟ್ರ ವಾದಕ್ಕೆ ಒಳ್ಳೆಯ ಉತ್ತರ ಸಿಕ್ಕಿತು ಎಂದು ಖುಷಿಯಿಂದ ಗೆರೆ ಎಳೆದೆ. ಆ ಗೆರೆಗಳನ್ನು ಈಗ ನೋಡಿದರೆ ಅಳಿಸಿಹಾಕಬೇಕೆನಿಸುತ್ತದೆ.

'೮:೫೫ ಡಾಕ್ಟರ್ ಕೋಣೆ' ಎಂಬುದು ಆ ಪುಟದ ಕೊನೆಯ ಸಾಲು.

ಡಾಕ್ಟರ್ ಒಬ್ಬ ನಡುವಯಸ್ಸಿನ ಅರಬ್ ಹೆಂಗಸು. ಹೆಂಗಸು ಎಂದು ಕಂಡಾಗಲೇ ತಿರುಗಿ ಹೋಗಬೇಕೆನಿಸಿತು. ವರ್ಕ್‌ಶಾಪಿನ ಅರಬ್ಬಿಯಲ್ಲಿ "ಬವಾಸೀರ್" ಎಂದೆ, ಮೂಲವ್ಯಾಧಿ.

"ಯಾರು ಹೇಳಿದ್ದು?"

"ನಾನೇ."

"ನೀನು ಡಾಕ್ಟರಾ?"

"ಅಲ್ಲ, ಸ್ಪೇರ್ ಪಾರ್ಟ್ಸ್."

ಆಕೆ ನಗಲಿಲ್ಲ. ಎಷ್ಟು ದಿನದಿಂದ ಎಂದು ಕೇಳಿದಳು. ಹದಿನಾಲ್ಕು ತಿಂಗಳು ಎಂದಾಗ ಪೆನ್ನು ಕೆಳಗಿಟ್ಟಳು. "ಗಾಡಿಯಿಂದ ಎಣ್ಣೆ ಸೋರಿದರೆ ಹದಿನಾಲ್ಕು ತಿಂಗಳು ಸುಮ್ಮನಿರುತ್ತೀಯಾ?" ಎಂದಳು. ಆಮೇಲೆ ಪರದೆ ಎಳೆದು ಪರೀಕ್ಷೆ ಮಾಡಿದಳು. ನಾನು ಗೋಡೆಯ ಕಡೆ ಮುಖ ಮಾಡಿ, ಬಾಯಿಗೆ ಬಂದ ದುಆಗಳನ್ನೆಲ್ಲ ಹೇಳಿಕೊಳ್ಳುತ್ತಿದ್ದೆ. ಎರಡು ನಿಮಿಷವೂ ಆಗಿರಲಿಕ್ಕಿಲ್ಲ. ಅಷ್ಟು ದಿನ ಹೆದರಿದ್ದು ಇದಕ್ಕಾ ಎನಿಸಿತು. ಆಕೆ ಕೈತೊಳೆದು ಬಂದು, ಪತ್ರ ಬರೆದು, ನಾಳೆಯೇ ದೊಡ್ಡಾಸ್ಪತ್ರೆಗೆ ಹೋಗು ಎಂದಳು. ನಾಡಿದ್ದು ಹೋಗಬಹುದಾ ಎಂದು ಕೇಳಿದೆ, ಅಂಗಡಿಯಲ್ಲಿ ಮಾಲು ಬರುವುದಿತ್ತು. ಆಕೆ 'ನಾಳೆ' ಎಂಬುದರ ಕೆಳಗೆ ಗೆರೆ ಎಳೆದಳು.

ದೊಡ್ಡಾಸ್ಪತ್ರೆಯಲ್ಲಿ ನಳಿಕೆ ಹಾಕಿ ನೋಡಿದರು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು, ಸ್ಕ್ಯಾನ್ ಮಾಡಿದರು. ಆ ವಾರಗಳಲ್ಲಿ ನಾನು ಕಲಿತದ್ದು ಕಾಯುವ ಕೋಣೆಯ ನಿಯಮಗಳು. ಅಲ್ಲಿ ಯಾರೂ ಯಾರಿಗೂ ಏನು ಕಾಯಿಲೆ ಎಂದು ಕೇಳುವುದಿಲ್ಲ, ಊರು ಯಾವುದು ಎಂದು ಕೇಳುತ್ತಾರೆ. ಹೆಸರು ಕೂಗಿದಾಗ ಪಕ್ಕದವನು ಚೀಲ ನೋಡಿಕೊಳ್ಳುತ್ತಾನೆ. ಹೊರಗೆ ಬಂದವನ ಮುಖವನ್ನು ಎಲ್ಲರೂ ಒಮ್ಮೆ ನೋಡಿ ಬೇಗ ತಮ್ಮ ಫೋನಿಗೆ ತಲೆ ತಗ್ಗಿಸುತ್ತಾರೆ. ಒಂದು ದಿನ ನಾನು ಹೊರಗೆ ಬಂದಾಗ ಎಲ್ಲರೂ ಹಾಗೆ ಮಾಡಿದರು.

ಕರುಳಿನಲ್ಲಿ ಗಡ್ಡೆ. ಕ್ಯಾನ್ಸರ್. ಡಾಕ್ಟರು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು, ನನಗೆ ಅರ್ಥವಾಗಲಿಲ್ಲವೆಂದು ಭಾವಿಸಿ ಅಲ್ಲಿದ್ದ ನರ್ಸ್ ಹಿಂದಿಯಲ್ಲಿ ಇನ್ನೊಮ್ಮೆ ಹೇಳಿದಳು. ಒಂದೇ ದಿನ ಎರಡು ಸಲ ಕೇಳಬೇಕಾಯಿತು.

ಮನೆಗೆ ಬಂದು ಹೇಳಿದಾಗ ಸಫಿಯಾ ಅಳಲಿಲ್ಲ. ನೇರ ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಮೇಲಿನ ಹಾಳೆಯನ್ನು ಕಿತ್ತಳು. ಅಂಟುಪಟ್ಟಿಯ ಜೊತೆ ಸ್ವಲ್ಪ ಬಣ್ಣವೂ ಎದ್ದು ಬಂತು. "ನಾನೇ ಬರೆದದ್ದು," ಎಂದಳು. "ಎರಡು ವರ್ಷ ನನ್ನ ಕೈಯಾರೆ ಬರೆದೆ. ಅದು, ಅದು ಅಂತ." ಆಮೇಲೆ ನೆಲದ ಮೇಲೆ ಕುಳಿತುಬಿಟ್ಟಳು. ನಿಹಾ ತನ್ನ ಕೋಣೆಯಿಂದ ಬಂದಳು, ಹದಿನಾರು ವರ್ಷದವಳು, ನಾವು ಏನು ಹೇಳಿದರೂ ಇಂಗ್ಲಿಷಿನಲ್ಲೇ ಉತ್ತರ. "ಉಪ್ಪಾ, ವೈ ಡಿಡ್ ಯು ವೇಟ್?" ಎಂದು ಕೇಳಿದಳು. ನಿನ್ನ ಪರೀಕ್ಷೆಗಾಗಿ ಎಂದು ಹೇಳಲಿಲ್ಲ, ಅದು ಪೂರ್ತಿ ನಿಜವೂ ಆಗಿರಲಿಲ್ಲ. ಆದರೆ ಅವಳು ತಾನೇ ಲೆಕ್ಕ ಹಾಕಿ ಅದನ್ನು ಕಂಡುಹಿಡಿದಿದ್ದಳೆಂದು ಎಷ್ಟೋ ದಿನಗಳ ಮೇಲೆ ಗೊತ್ತಾಯಿತು. ಇಡೀ ಕಾಯಿಲೆಯಲ್ಲಿ ನನಗೆ ಅತಿ ಹೆಚ್ಚು ನೋವು ಕೊಟ್ಟದ್ದು ಅದು.

ನಂಬಿದರೆ ನಂಬಿ, ಅಷ್ಟಾದ ಮೇಲೂ ನನ್ನ ಬಾಯಿಂದ ಬಂದ ಮೊದಲ ಮಾತು ಊರಿಗೆ ಹೋಗೋಣ ಎಂಬುದೇ. ಮಂಗಳೂರಿನ ತಮ್ಮ ಫೋನಿನಲ್ಲಿ ಅತ್ತ. ಬಾ ಎಂದ. ನಾನು ಟಿಕೆಟ್ ನೋಡಲು ಶುರು ಮಾಡಿದೆ. ದೊಡ್ಡಾಸ್ಪತ್ರೆಯ ಡಾಕ್ಟರು ಎರಡೇ ಮಾತು ಹೇಳಿದರು. ಇಲ್ಲಿ ಹತ್ತು ದಿನದೊಳಗೆ ಆಪರೇಷನ್ ಆಗುತ್ತದೆ, ಅಲ್ಲಿ ಹೋಗಿ ಎಲ್ಲ ಪರೀಕ್ಷೆ ಮತ್ತೆ ಶುರುವಾದರೆ ಎಷ್ಟು ದಿನ ಹಿಡಿಯುತ್ತದೋ ಹೇಳಲಾಗುವುದಿಲ್ಲ. ಮನೆಯಲ್ಲಿ ಸಫಿಯಾ ಉಳಿದದ್ದನ್ನು ಹೇಳಿದಳು. ಆರು ತಿಂಗಳು ಹೊರಗಿದ್ದರೆ ಇಕಾಮಾ ಹೋಗುತ್ತದೆ, ಕೆಲಸವೂ ಹೋಗುತ್ತದೆ. ಊರಿನಲ್ಲಿ ನಮಗೆ ಒಂದು ವಿಮೆಯೂ ಇಲ್ಲ, ಅಲ್ಲಿ ಯಾರೂ ಕಡ್ಡಾಯ ಮಾಡದಿದ್ದದ್ದರಿಂದ ನಾವು ಮಾಡಿಸಿಕೊಂಡಿರಲಿಲ್ಲ. ಈ ಕೊನೆಯ ಮಾತನ್ನು ಅವಳು ಚುಚ್ಚಲು ಹೇಳಲಿಲ್ಲ, ಆದರೂ ಚುಚ್ಚಿತು. ನನ್ನ ಆಪರೇಷನ್ ಕುವೈತಿನಲ್ಲಿ ಆಯಿತು.

ಎಚ್ಚರವಾದಾಗ ಹೊಟ್ಟೆಯ ಬಲಬದಿಯಲ್ಲಿ ಒಂದು ಚೀಲ ಅಂಟಿಸಿತ್ತು. ಕರುಳಿನ ಹೊಲಿಗೆ ಒಣಗುವವರೆಗೆ ಮಲ ಅದರಲ್ಲಿ ಬರುತ್ತದೆ, ಕೆಲವು ತಿಂಗಳ ನಂತರ ಮತ್ತೆ ಜೋಡಿಸುತ್ತೇವೆ ಎಂದು ಮೊದಲೇ ಹೇಳಿದ್ದರು. ಹೇಳಿದ್ದೇ ಬೇರೆ, ನೋಡಿದ್ದೇ ಬೇರೆ. ಎರಡು ದಿನ ಹೊದಿಕೆ ತೆಗೆಯಲು ಬಿಡಲಿಲ್ಲ. ಮೂರನೇ ದಿನ ಕೇರಳದ ನರ್ಸ್ ಒಬ್ಬಳು ಬಂದು, "ಇಕ್ಕಾ, ಇದು ನಿಮ್ಮ ಹೊಸ ಮಗು. ಯಾರಾದರೂ ನೋಡಿಕೊಳ್ಳಲೇಬೇಕು, ನೀವೇ ಕಲಿತರೆ ಒಳ್ಳೆಯದು," ಎಂದು ನನ್ನ ಕೈಯಿಂದಲೇ ಅದನ್ನು ಬದಲಾಯಿಸಿದಳು. ಅವಳ ಮೂಗು ಒಂದು ಸಲವೂ ಸುಕ್ಕಾಗಲಿಲ್ಲ. ನಾನು ಅದನ್ನೇ ಗಮನಿಸುತ್ತಿದ್ದೆ. ಅವಳ ಮುಖದ ಆ ಸಮಾಧಾನಕ್ಕೆ ನಾನು ಈ ಜನ್ಮದಲ್ಲಿ ಬೆಲೆ ಕಟ್ಟಲಾರೆ.

ಮನೆಗೆ ಬಂದ ಮೇಲೆ ನನ್ನನ್ನು ಹೆಚ್ಚು ಕಾಡಿದ್ದು ನಮಾಝ್. ಮಸೀದಿಯ ಸಾಲಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುವಾಗ ಈ ಚೀಲ ಸದ್ದು ಮಾಡಿದರೆ? ಶುದ್ಧಿಯ ಮಾತೇನು? ಹಲವು ಶುಕ್ರವಾರ ಮನೆಯಲ್ಲೇ ಉಳಿದೆ. ಕೊನೆಗೆ ನಮ್ಮ ಕಡೆಯ ಒಬ್ಬ ಉಸ್ತಾದರಿಗೆ ಫೋನ್ ಮಾಡಿ ತೊದಲುತ್ತ ಕೇಳಿದೆ. ಅವರು, "ಪ್ರತಿ ನಮಾಝಿಗೆ ಹೊಸದಾಗಿ ವುಝೂ ಮಾಡಿ ನಿಂತುಕೊಳ್ಳಿ. ನಿಮ್ಮ ಚೀಲದ ವಿಷಯ ಅಲ್ಲಾಹನಿಗೆ ನಿಮಗಿಂತ ಮೊದಲೇ ಗೊತ್ತುಂಟು," ಎಂದರು. ಫೋನ್ ಇಟ್ಟು, ವುಝೂವಿಗೆಂದು ಕೈಕಾಲು ಮುಖ ತೊಳೆದು, ಬಾಗಿಲು ಹಾಕಿಕೊಂಡು ಚೆನ್ನಾಗಿ ಅತ್ತೆ.

ಆಮೇಲೆ ಕೀಮೋ. ಎರಡು ವಾರಕ್ಕೊಮ್ಮೆ, ಒಟ್ಟು ಹನ್ನೆರಡು ಸಲ. ಎಲ್ಲವೂ ಪುಕ್ಕಟೆಯಾಗಿ ನಡೆಯಿತೆಂದು ಬರೆದರೆ ಸುಳ್ಳಾಗುತ್ತದೆ. ಹೊರಗಿನವರು ಬೇರೆಯಾಗಿ ಕೊಡಬೇಕಾದ ಪರೀಕ್ಷೆಗಳಿದ್ದವು, ಮದ್ದುಗಳಿದ್ದವು. ಒಂದು ಮದ್ದಿಗೆ ದಾನಸಂಸ್ಥೆಯೊಂದರ ಮೇಜಿನ ಮುಂದೆ ಅರ್ಜಿ ಹಿಡಿದು ನಿಂತೆ. ಆ ದಿನ ನೋಟ್‌ಬುಕ್ಕಿನಲ್ಲಿ ಗಂಟೆಯನ್ನು ಬರೆಯಲು ಕೈಬರಲಿಲ್ಲ. ಆದರೆ ಆಪರೇಷನ್, ವಾರ್ಡು, ಆ ನರ್ಸು, ಹನ್ನೆರಡು ಸಲದ ಹಾಸಿಗೆ, ಇವೆಲ್ಲ ನಾನು ಬೈದುಕೊಂಡು ಕಟ್ಟಿದ ವಿಮೆಯಲ್ಲೇ ನಡೆದವು.

ನನ್ನನ್ನು ಕರೆದುಕೊಂಡು ಹೋಗಿ ಬಿಡುತ್ತಿದ್ದವರು ಶೆಟ್ರು. ಸಫಿಯಾಳಿಗೆ ಡ್ರೈವಿಂಗ್ ಬರುವುದಿಲ್ಲ, ಬಸ್ಸಿನಲ್ಲಿ ಹೋಗುವ ಶಕ್ತಿ ನನಗಿರಲಿಲ್ಲ. ಶೆಟ್ರು ಕೆಲಸಕ್ಕೆ ಹೋಗುವ ಮುಂಚೆ ಆರೂವರೆಗೆ ಕೆಳಗೆ ಬಂದು ಹಾರ್ನ್ ಹಾಕುತ್ತಿದ್ದರು. ನಾನು ನಾಚಿಕೊಂಡೇ ಕಾರು ಹತ್ತುತ್ತಿದ್ದೆ. ಇವತ್ತು ಹೇಳುತ್ತಾರೆ, ಇವತ್ತು ಖಂಡಿತ ಹೇಳುತ್ತಾರೆ ಎಂದು ಕಾಯುತ್ತಿದ್ದೆ. 'ನಾನು ಅವತ್ತೇ ಹೇಳಿರಲಿಲ್ವಾ' ಎಂಬ ಒಂದು ಮಾತು. ಅವರ ಜಾಗದಲ್ಲಿ ನಾನಿದ್ದರೆ ಮೊದಲ ಸಿಗ್ನಲ್ಲಿನಲ್ಲೇ ಹೇಳಿ ಮುಗಿಸುತ್ತಿದ್ದೆ. ಅವರು ಕ್ರಿಕೆಟ್ ಮಾತಾಡಿದರು, ಸುರತ್ಕಲ್ಲಿನಲ್ಲಿರುವ ಹೆಂಡತಿಯ, ಕಾಲೇಜಿನ ಮಗಳ ಸುದ್ದಿ ಹೇಳಿದರು, ಮೀನಿನ ರೇಟು ಹೇಳಿದರು. ಆ ಮಾತು ಬರಲೇ ಇಲ್ಲ. ಅವರ ಈ ದೊಡ್ಡತನ ನನಗೆ ಕೀಮೋದ ವಾಂತಿಗಿಂತ ಕಷ್ಟವಾಗಿತ್ತು.

ಕಾರಿನಲ್ಲಿ ಕುಳಿತು ನೋಟ್‌ಬುಕ್ಕಿನಲ್ಲಿ ಏನಾದರೂ ಗೀಚುವುದು ಅಭ್ಯಾಸವಾಗಿತ್ತು. ಐದನೇ ಸಲದ ಪುಟದಲ್ಲಿ ತಮಾಷೆಗೆ ಬರೆದದ್ದು ಹೀಗಿದೆ: 'ಇವತ್ತು ಶೆಟ್ರು ಚಪ್ಪಲಿಯಲ್ಲಿ ಬಂದಿದ್ದಾರೆ. ನನ್ನ ಮರ್ಯಾದೆ ಕಡಿಮೆಯಾಗುತ್ತಿದೆ.' ಇನ್ನೊಂದು ಪುಟದಲ್ಲಿ, 'ಬ್ರೇಕು ಜೋರು. ವಯಸ್ಸಾಯಿತು.'

ಕೀಮೋ ಮುಗಿಯಿತು. ಚೀಲ ತೆಗೆದು ಕರುಳು ಜೋಡಿಸಿದರು. ಸದ್ಯಕ್ಕೆ ಏನೂ ಕಾಣುತ್ತಿಲ್ಲ ಎಂದು ಡಾಕ್ಟರು ಹೇಳಿದರು, ಮೂರು ತಿಂಗಳಿಗೊಮ್ಮೆ ಬರಬೇಕು. ಆ ಶುಕ್ರವಾರ ಬೆಂಚಿನ ಮೇಲೆ ಪೂರ್ತಿಯಾಗಿ ಕುಳಿತು ಚಾ ಕುಡಿದೆ. ಇಷ್ಟು ಸುಖವಾದ ಚಾ ಇನ್ನೊಂದಿಲ್ಲ.

ಎಲ್ಲರೂ ಭಾಷಣಕ್ಕೆ ಕಾಯುತ್ತಿದ್ದರು. "ಹೇಳಿ ರಫೀಕಾಕ, ಈಗ ವಿಮೆ ಬೇಕಾ ಬೇಡ್ವಾ?" ಎಂದು ಒಬ್ಬ ಕೆಣಕಿದ.

ನನಗೆ ಒಂದೇ ಮಾತಿನ ಉತ್ತರ ಸಿಗಲಿಲ್ಲ. ಬೇಕು ಎನ್ನಲು ಹೊರಟರೆ, ಕಾರ್ಡನ್ನು ಅಂಗಿಯಿಂದ ಒರೆಸುತ್ತಿದ್ದ ಆ ಕೆಮ್ಮಿನ ಮನುಷ್ಯ ಕಣ್ಣಮುಂದೆ ಬರುತ್ತಾನೆ. ತಪ್ಪು ಅವನ ಕಫೀಲನದು, ಬಾಗಿಲು ಮುಚ್ಚಿದ್ದು ಅವನಿಗೆ. ಕಡ್ಡಾಯವೆಂದರೆ ಅವನಿಗೂ ಸಿಗುವ ಹಾಗಿರಬೇಕಲ್ಲ? ಬೇಡ ಎನ್ನಲು ಹೊರಟರೆ ನಾನೇ ಎದುರಿಗಿದ್ದೇನೆ. ನನಗೆ ಇಷ್ಟಬಂದ ಹಾಗೆ ಬಿಟ್ಟಿದ್ದರೆ ನಾನು ಒಂದು ಪೈಸೆಯ ವಿಮೆಯನ್ನೂ ಕೊಳ್ಳುತ್ತಿರಲಿಲ್ಲ. ನನ್ನನ್ನು ಕೇಳದೆ ನನ್ನ ಕಿಸೆಯಲ್ಲಿ ಇಟ್ಟ ಕಾರ್ಡು ನನ್ನ ಜೀವ ಉಳಿಸಿತು, ಇದನ್ನು ಒಪ್ಪಿಕೊಳ್ಳಲು ಈಗಲೂ ನನ್ನ ಜಂಭಕ್ಕೆ ಕಷ್ಟವಾಗುತ್ತದೆ. ಇಷ್ಟನ್ನು ಅವರಿಗೆ ಹೇಳಿದೆ. ಕೊನೆಗೆ, "ಕೊಳ್ಳುವುದನ್ನು ಸರ್ಕಾರ ಕಡ್ಡಾಯ ಮಾಡ್ತದೆ. ಹೋಗುವುದನ್ನು ಯಾರು ಕಡ್ಡಾಯ ಮಾಡ್ತಾರೆ? ನನ್ನ ಕಾರ್ಡು ಹತ್ತೊಂಬತ್ತು ವರ್ಷ ಕಿಸೆಯಲ್ಲೇ ಇತ್ತು. ಸಫಿಯಾ ಇಲ್ಲದಿದ್ರೆ ಹೆಣದ ಕಫನ್ ಬಟ್ಟೆಯ ಜೊತೆ ಅದನ್ನೂ ಸುತ್ತಿ ಕಳಿಸ್ಬೇಕಿತ್ತು," ಎಂದೆ.

ನಗುತ್ತಾರೆ ಎಂದುಕೊಂಡಿದ್ದೆ. ಶೆಟ್ರು ಮಾತ್ರ ನಗಲಿಲ್ಲ. ಅವರು ಕೆಳಗೆ ನೋಡುತ್ತಿದ್ದರು. ನಾನೂ ನೋಡಿದೆ. ಅಂದೂ ಚಪ್ಪಲಿ. ಬಲಗಾಲಿಗೆ ಮಾತ್ರ ಕಪ್ಪು ಕಾಲುಚೀಲ.

"ಶೆಟ್ರೇ, ಕಾಲಿಗೆ ಎಂತ ಆಯ್ತು?"

"ಎಂತ ಇಲ್ಲ ಮಾರಾಯ. ಶೂ ಕಚ್ಚಿದ್ದು."

"ಯಾವಾಗ?"

ಅವರು ಚಾ ಲೋಟವನ್ನು ತಿರುಗಿಸಿದರು. ಅವರಿಗೆ ಸಕ್ಕರೆ ಕಾಯಿಲೆ ಇದ್ದದ್ದು ನಮಗೆಲ್ಲ ಗೊತ್ತಿತ್ತು, ಮಾತ್ರೆ ಊರಿಂದ ಬರುತ್ತಿತ್ತು. "ಡಿಸೆಂಬರಲ್ಲಿ ಹೋಗ್ಲಿಕ್ಕುಂಟಲ್ಲ," ಎಂದರು. "ಊರಿಗೆ ಹೋದಾಗ ತೋರಿಸುವಾ ಅಂತ."

ಆಗ ನನಗೆ ಬಂದ ಸಿಟ್ಟು ಎಂಥದ್ದೆಂದರೆ ಚಾ ಲೋಟ ಎತ್ತಿ ಬಿಸಾಡುವುದರಲ್ಲಿದ್ದೆ. ಕಡ್ಡಾಯ ವಿಮೆಯ ಪರವಾಗಿ ಇಷ್ಟು ವರ್ಷ ವಾದ ಮಾಡಿದ ಮನುಷ್ಯ! ನನ್ನ ಪಟ್ಟಿ ಬರೆಯಲು ಮನೆಯಲ್ಲಿ ಸಫಿಯಾ ಇದ್ದಳು, ಅದನ್ನು ಕಿತ್ತುಹಾಕಲೂ ಅವಳೇ ಇದ್ದಳು. ಒಬ್ಬಂಟಿ ಶೆಟ್ರ ಪಟ್ಟಿ ಅವರ ತಲೆಯೊಳಗೇ ಇತ್ತು, ಅದನ್ನು ಕೀಳುವವರು ಯಾರೂ ಇರಲಿಲ್ಲ.

ಶನಿವಾರ ಬೆಳಿಗ್ಗೆ ಆರೂವರೆಗೆ ನಾನು ಅವರ ಕಟ್ಟಡದ ಕೆಳಗೆ ಟ್ಯಾಕ್ಸಿ ನಿಲ್ಲಿಸಿ ಹಾರ್ನ್ ಹಾಕಿಸಿದೆ. ಅವರು ಕಿಟಕಿಯಿಂದ ನೋಡಿ, ಕೈಯಾಡಿಸಿ, ಬರುವುದಿಲ್ಲ ಎಂದರು. ಇನ್ನೊಮ್ಮೆ ಹಾಕಿಸಿದೆ. ಅಕ್ಕಪಕ್ಕದವರು ಬಯ್ಯಲು ಶುರು ಮಾಡಿದ ಮೇಲೆ ಇಳಿದು ಬಂದರು. ಅದೇ ಕ್ಲಿನಿಕ್ಕು, ಅದೇ ಡಾಕ್ಟರ್. ಕಾಲುಚೀಲ ತೆಗೆದಾಗ ಬಂದ ವಾಸನೆಗೆ ನನ್ನ ಮೂಗು ಸುಕ್ಕಾಗದಂತೆ ನೋಡಿಕೊಂಡೆ. ಎಷ್ಟು ದಿನದಿಂದ ಎಂದು ಆಕೆ ಕೇಳಿದಳು. ಎಲ್ಲದಕ್ಕೂ ಉತ್ತರವಿದ್ದ ಶೆಟ್ರು ಗೋಡೆ ನೋಡಿದರು. ಆಕೆ ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದಳು, ಗುರುತು ಸಿಕ್ಕಿತೇನೋ. ಈ ಸಲ 'ನಾಳೆ' ಎಂದೂ ಬರೆಯಲಿಲ್ಲ, 'ಈಗ' ಎಂದು ಬರೆದಳು.

ಎರಡು ಬೆರಳು ಹೋದವು, ಪಾದ ಉಳಿಯಿತು. ಇನ್ನು ಎರಡು ವಾರ ತಡವಾಗಿದ್ದರೆ ಮಂಡಿಯ ಕೆಳಗೆ ತೆಗೆಯಬೇಕಿತ್ತು ಎಂದು ಸರ್ಜನ್ ಹೇಳಿದರು.

ಸಂಜೆ ವಾರ್ಡಿನಲ್ಲಿ ಅವರ ಪಕ್ಕ ಕುಳಿತಿದ್ದೆ. ಸಫಿಯಾ ಕೊಟ್ಟ ಗಂಜಿ ಕುಡಿಸಿ ಆಗಿತ್ತು. ಇಷ್ಟು ದಿನ ಕೇಳದೆ ಉಳಿಸಿಕೊಂಡಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ.

"ಶೆಟ್ರೇ, ಅಷ್ಟು ಸಲ ನನ್ನನ್ನು ಕೀಮೋಗೆ ಕರ್ಕೊಂಡು ಹೋದ್ರಿ. ನಾನು ಹೇಳಿರಲಿಲ್ವಾ ಅಂತ ಒಂದು ಸಲ ಕೂಡ ಯಾಕೆ ಹೇಳ್ಲಿಲ್ಲ?"

ಅವರು ಬ್ಯಾಂಡೇಜು ಸುತ್ತಿದ ಕಾಲನ್ನು ನೋಡಿಕೊಂಡರು.

"ಹೇಳುವ ಬಾಯಿ ಎಲ್ಲಿತ್ತು ಮಾರಾಯ ನಂಗೆ? ನಿನ್ನನ್ನು ಕರ್ಕೊಂಡು ಹೋಗುವಾಗೆಲ್ಲ ನನ್ನ ಕಾಲೂ ಅದೇ ಆಸ್ಪತ್ರೆಗೆ ಬರ್ತಾ ಇತ್ತು."

ನಾನು ಕಿಸೆಯಿಂದ ನೋಟ್‌ಬುಕ್ ತೆಗೆದೆ. ಚಪ್ಪಲಿಯ ಬಗ್ಗೆ ತಮಾಷೆ ಬರೆದಿದ್ದ ಪುಟದಿಂದ ಹಿಡಿದು ಕೀಮೋದ ಕೊನೆಯ ದಿನದವರೆಗೆ ಎಣಿಸಿದೆ. ಎಂಟು ಸಲ. ಎಂಟು ಸಲ ಆ ಕಾಲು ಆಸ್ಪತ್ರೆಯ ಬಾಗಿಲವರೆಗೆ ಬಂದು, ನನ್ನನ್ನು ಇಳಿಸಿ, ಹಾಗೇ ತಿರುಗಿ ಹೋಗಿತ್ತು.